ಹಸಿರು ಬಳ್ಳಿ

ತಲೆಯ ಮೇಲಿನ ಟೋಪಿಯನ್ನೂ ತೆಗೆಯದೆ ಕಾಲ್ಮಾನ್ ಬಾಟಲಿಯನ್ನು ತಮ್ಮನ ಊಟದ ಮೇಜಿನ ಮೇಲಿಟ್ಟ. ಮೂರು ವರ್ಷದ ನಂತರ ಈ ಮನೆಯ ಹೊಸ್ತಿಲು ತುಳಿದಿದ್ದ. ಹೊರಗೆ ಬಲಾತೊನ್ ಸರೋವರವನ್ನು ನವೆಂಬರ್ ತಿಂಗಳ ಮಂಜು ನುಂಗಿಹಾಕಿತ್ತು. ಅಂದು ಮಾರ್ಟಿನ್ ಹಬ್ಬ. ವರ್ಷದ ಹೊಸ ವೈನನ್ನು ಮೊದಲ ಸಲ ಬಾಯಿಗಿಡುವ ದಿನ.

“ಈ ವರ್ಷದ್ದು,” ಎಂದ. “ತೋಟ ಎಲ್ಲಾ ಜಾಲಾಡಿದ್ರೂ ಸಿಕ್ಕಿದ್ದು ಇಷ್ಟೇ.”

“ಒಂದೇ ಬಾಟಲಿನಾ?” ತಮ್ಮ ವೆಂದೆಲ್ ಕೇಳಿದ. “ಆರು ಪೀಪಾಯಿ ತುಂಬ್ತಿತ್ತಲ್ಲ ಅಣ್ಣ!”

“ಮುಂದಿನ ವರ್ಷ ಇದೂ ಇರಲ್ಲ.”

ವೆಂದೆಲನ ಹೆಂಡತಿ ಎತೆಲ್ಕ ಮೇಜಿಗೆ ಇನ್ನೊಂದು ತಟ್ಟೆ ತಂದಿಟ್ಟಳು. “ಮೊದ್ಲು ಕೂತ್ಕೊಳ್ಳಿ ಭಾವ. ಹಬ್ಬದ ದಿನ ನಿಂತ್ಕೊಂಡೇ ಗೋಳು ಹೇಳ್ಕೋಬೇಡಿ,” ಎಂದು ಹೆಬ್ಬಾತಿನ ಕಾಲು, ಆಲೂಗಡ್ಡೆ, ನೇರಳೆ ಎಲೆಕೋಸಿನ ಹುಳಿ ಪಲ್ಯ ಬಡಿಸಿದಳು.

ಬದಚೋನ್ ಗುಡ್ಡದ ಇಳಿಜಾರಿನಲ್ಲಿ ಅಪ್ಪ ಎರಡು ಜಾತಿಯ ದ್ರಾಕ್ಷಿಯನ್ನು ಅಕ್ಕಪಕ್ಕ ನೆಟ್ಟಿದ್ದ. ಪಾಲಾದಾಗ ನೀಲಿತೊಟ್ಟಿನ ಬಳ್ಳಿ ಕಾಲ್ಮಾನನಿಗೆ ಬಂತು, ಹಸಿರು ಬಳ್ಳಿ ವೆಂದೆಲನಿಗೆ. ನೀಲಿತೊಟ್ಟಿನದು ಬರೀ ಹೆಣ್ಣು ಹೂವು; ಪಕ್ಕದ ಹಸಿರು ಬಳ್ಳಿಯ ಪರಾಗ ಬೀಳದಿದ್ದರೆ ಕಾಯಿ ಕಟ್ಟುವುದಿಲ್ಲ. ಇದು ಆ ಗುಡ್ಡದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ಕಾಲ್ಮಾನನಿಗೆ ಗೊತ್ತಿರಲಿಲ್ಲವೆಂದಲ್ಲ, ಸೊಕ್ಕು ಅದನ್ನು ಮರೆಸಿತ್ತು. ಅವನ ಸಿಹಿಯಿಲ್ಲದ ಬಿಳಿ ವೈನಿಗಾಗಿ ದೂರದೂರದಿಂದ ಜನ ಬರುತ್ತಿದ್ದರು. ನುಂಗಿದ ಮೇಲೂ ನಾಲಿಗೆಯಲ್ಲಿ ಉಪ್ಪು ಉಳಿಯಬೇಕು, ಅದು ತನ್ನ ಬಳ್ಳಿಯೊಂದಕ್ಕೇ ಸಾಧ್ಯ ಎಂದು ಕೊಚ್ಚಿಕೊಳ್ಳುತ್ತಿದ್ದ. ಮೂರು ವರ್ಷದ ಹಿಂದೆ ಇದೇ ಹಬ್ಬದಲ್ಲಿ, ನೆಂಟರಿಷ್ಟರೆಲ್ಲ ಕೂತಿದ್ದಾಗ, ತಮ್ಮನ ವೈನು ತುಟಿಗೆ ತಾಗಿದ್ದೇ ತಡ ನೆಲಕ್ಕೆ ಉಗುಳಿ, “ಇದನ್ನ ಎಲೆಕೋಸಿಗೆ ಹಾಕ್ಕೊಳ್ಳಿ,” ಎಂದುಬಿಟ್ಟಿದ್ದ.

ವೆಂದೆಲ್ ಆ ಚಳಿಗಾಲದಲ್ಲೇ ಹಸಿರು ಬಳ್ಳಿಯನ್ನೆಲ್ಲ ಬುಡಸಮೇತ ಕೀಳಿಸಿದ. ಗಾಳಿಗೇನು ಬೇಲಿಯೇ, ಪರಾಗ ಎಲ್ಲಿಂದಲಾದರೂ ಬರುತ್ತದೆ ಎಂದು ಕಾಲ್ಮಾನ್ ನಕ್ಕಿದ್ದ. ಬರಲಿಲ್ಲ. ಅದೇ ಹೊತ್ತಿಗೆ ಹೂ ಬಿಡುವ ಬಳ್ಳಿ ಆಸುಪಾಸಿನಲ್ಲಿ ಬೇರೆ ಇರಲಿಲ್ಲ. ಮೂರು ಬೇಸಿಗೆಯೂ ಅವನ ಹೂವು ಹಾಗೇ ಉದುರಿಹೋಯಿತು.

ವೆಂದೆಲ್ ಅಣ್ಣನ ಬಾಟಲಿ ಬಿಚ್ಚಿ ಇಬ್ಬರಿಗೂ ಬಗ್ಗಿಸಿದ. ತನ್ನ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ, ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ನಿಧಾನವಾಗಿ ನುಂಗಿದ. ಅಣ್ಣನ ಮೇಲೆ ಎಷ್ಟೇ ಸಿಟ್ಟಿದ್ದರೂ ಅದನ್ನು ವೈನಿನ ಮೇಲೆ ತೀರಿಸಿಕೊಳ್ಳುವವನಲ್ಲ ಅವನು.

“ಹಸಿ ಬಾದಾಮಿ. ಮಳೆ ಬಿದ್ದ ಕಲ್ಲು. ಸಿಹಿ ಅನ್ನೋದು ಒಂದ್ ಚೂರೂ ಇಲ್ಲ. ಕೊನೇಲಿ ನಿನ್ನ ಉಪ್ಪು.” ಗ್ಲಾಸ್ ಕೆಳಗಿಟ್ಟ. “ಏನ್ ಹೇಳ್ಲಿ ಅಣ್ಣ, ನಿನ್ನಂಥ ಕೈ ಈ ಗುಡ್ಡದಲ್ಲಿ ಇನ್ನೊಂದಿಲ್ಲ.”

“ಬರೀ ಕೈ ಇಟ್ಕೊಂಡು ಏನ್ ಮಾಡ್ಲಿ? ಬಳ್ಳಿ ಬಂಜೆಯಾಗಿ ನಿಂತಿದೆ.” ಕಾಲ್ಮಾನ್ ಈಗ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಮತ್ತೆ ಹಾಕೋ ವೆಂದೆಲ್. ಎರಡೇ ಸಾಲು ಸಾಕು. ಗುಂಡಿ ನಾನೇ ತೋಡ್ತೀನಿ.”

“ಸಸಿ ನೆಟ್ಟು ಹೂ ನೋಡೋಕೆ ನಾಲ್ಕು ವರ್ಷ ಬೇಕು. ನಿಂಗೆ ಎಂಬತ್ತೊಂದು, ನಂಗೆ ಎಪ್ಪತ್ತೆಂಟು. ಯಾರಿಗೋಸ್ಕರ ಹೂ ಬಿಡ್ಬೇಕು ಅದು?”

ಕಾಲ್ಮಾನ್ ತಲೆ ತಗ್ಗಿಸಿ ತಿನ್ನತೊಡಗಿದ. ಎಲೆಕೋಸು ಮುಗಿದಾಗ ಎತೆಲ್ಕ ಕೇಳದೆಯೇ ಇನ್ನೊಂದು ಸಲ ಬಡಿಸಿದಳು, ಅದನ್ನೂ ತಿಂದ. ಆಮೇಲೆ ಅವಳು ಒಲೆಯ ಬಾಗಿಲು ತೆಗೆದು ಸೊಟ್ಟಗಿನ ಕರಿ ಬೊಡ್ಡೆಯೊಂದನ್ನು ಬೆಂಕಿಗೆ ನೂಕಿದಳು. ನೋಡಿದ ಕೂಡಲೇ ಕಾಲ್ಮಾನನಿಗೆ ಗುರುತು ಸಿಕ್ಕಿತು. ಅಪ್ಪ ನೆಟ್ಟ ಹಸಿರು ಬಳ್ಳಿ.

“ಮೂರು ಚಳಿಗಾಲ ಆಯ್ತು ಭಾವ,” ಎಂದಳು ಎತೆಲ್ಕ. “ಉರಿಸಿದಷ್ಟೂ ಮುಗೀತಿಲ್ಲ.”

ಕಾಲ್ಮಾನ್ ತಮ್ಮನತ್ತ ತಿರುಗಿ ಕೇಳಿದ: “ನಿನ್ನ ವೈನು ಒಂದ್ ಬಾಟಲಿಯಾದ್ರೂ ಉಳಿದಿದ್ಯಾ ವೆಂದೆಲ್? ಅವತ್ತು ನಾನು ರುಚೀನೇ ನೋಡ್ಲಿಲ್ಲ ಕಣೋ. ನಿನ್ನದು ಅಂತ ಉಗುಳ್ದೆ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ನುಂಗಿಲ್ಲ.”

ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎತೆಲ್ಕ ಒಲೆಯ ಪಕ್ಕದ ಗೂಡಿನಿಂದ ಬಾಯಿಗೆ ಬಟ್ಟೆ ತುರುಕಿದ ಸೀಸೆಯೊಂದನ್ನು ತಂದಳು. ತಳದಲ್ಲಿ ನಾಲ್ಕು ಬೆರಳಷ್ಟಿತ್ತು.

“ಎಲೆಕೋಸಿಗೆ ಹಾಕ್ಕೊಳ್ಳಿ ಅಂತ ನೀವೇ ಹೇಳಿದ್ರಲ್ಲ ಭಾವ. ಇವರು ಪೀಪಾಯಿ ಮುಚ್ಚಳ ತೆಗೆದು ಹಾಗೇ ಬಿಟ್ಬಿಟ್ರು. ಎಲ್ಲಾ ವಿನೆಗರ್ ಆಯ್ತು. ಅವತ್ತಿಂದ ಎಲೆಕೋಸಿಗೇ ಹಾಕ್ತಿದೀನಿ. ಇವತ್ತೂ ಹಾಕಿದೀನಿ. ಉಳಿದಿರೋದು ಇಷ್ಟೇ.”

ಕಾಲ್ಮಾನ್ ತನ್ನ ಖಾಲಿ ತಟ್ಟೆಯನ್ನು ನೋಡಿದ. ಆಮೇಲೆ ತನ್ನ ಗ್ಲಾಸಿನಲ್ಲಿದ್ದ ವೈನನ್ನು, ವರ್ಷದ ಫಸಲೆಲ್ಲ ಆ ಒಂದೇ ಬಾಟಲಿಯಾದರೂ, ತಮ್ಮನ ಗ್ಲಾಸಿಗೆ ಸುರಿದು ಖಾಲಿ ಗ್ಲಾಸನ್ನು ಎತೆಲ್ಕಳ ಮುಂದೆ ಹಿಡಿದ.

“ಬೇಡಿ ಭಾವ, ಗಂಟಲು ಸುಡುತ್ತೆ.”

“ಹಾಕಮ್ಮ.”

ಅವಳು ಹಾಕಿದಳು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ, ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದ. ಒಂದು ಗುಟುಕನ್ನು ಬಾಯಲ್ಲಿ ಹಿಡಿದುಕೊಂಡ. ಮುಖ ಕಿವುಚಿತು, ಕಣ್ಣಲ್ಲಿ ನೀರು ತುಂಬಿತು. ಉಗುಳಲಿಲ್ಲ, ನುಂಗಿದ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ತುಂಬ ಹೊತ್ತು ಹಾಗೇ ಕೂತಿದ್ದ.

“ಉಪ್ಪಿದೆ ಕಣೋ,” ಎಂದ ಕೊನೆಗೆ.

“ಆಗಲೂ ಇತ್ತು ಅಣ್ಣ,” ಎಂದ ವೆಂದೆಲ್.