ಮೊದಲ ಸ್ಥಾನದವನ ಪ್ರಶ್ನೆ

ಮಹಾಮಾರಿ ತೊಲಗಿದ ಮೇಲೆ ಯಾವ ಪ್ರಾಂತ್ಯದ ಸರ್ಕಾರ ಹಣಕಾಸನ್ನು ಹೇಗೆ ನಿಭಾಯಿಸಿದೆ ಎಂಬ ಪಟ್ಟಿಯನ್ನು ಅಧ್ಯಕ್ಷರು ಓದತೊಡಗಿದ್ದೇ ತಡ, ಪುಟ್ಟನ ಎದೆ ಡವಡವ ಹೊಡೆದುಕೊಂಡಿತು. ಪುಟ್ಟ ಎನ್ನುವುದು ಮನೆಯವರಿಗೆ. ಹೊರಗೆ ಅವನು ತಲೆ ನರೆತ ಹಣಕಾಸು ಕಾರ್ಯದರ್ಶಿ. ಎದುರು ಮೇಜಿನಲ್ಲಿ ಪಕ್ಕದ ಪ್ರಾಂತ್ಯದ ಕಾರ್ಯದರ್ಶಿ, ಅವನ ಸ್ವಂತ ಅಕ್ಕ. ಮಕ್ಕಳಿಬ್ಬರನ್ನೂ ಒಂದೇ ಸಭೆಯಲ್ಲಿ ನೋಡುವ ಆಸೆಯಿಂದ ಅಪ್ಪನೂ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು.

ಮೊದಲ ಸ್ಥಾನ ಪುಟ್ಟನ ಪ್ರಾಂತ್ಯಕ್ಕೆ! ಸಾಲ ಅತಿ ಕಡಿಮೆ, ಖಜಾನೆ ಭರ್ತಿ. ಕೊನೆಯ ಸ್ಥಾನ ಅಕ್ಕನದು. ಶಾಲೆಯಲ್ಲಿ ಪ್ರತಿ ವರ್ಷ ಅಕ್ಕನ ಅಂಕಗಳ ಮುಂದೆ ತಲೆ ತಗ್ಗಿಸಿದವನಿಗೆ ಈಗ ಸ್ವರ್ಗಕ್ಕೆ ಮೂರೇ ಗೇಣು. ಮೈಕು ಆರಿಸಿ ಮೇಜಿನ ಮೇಲೆ ಬಾಗಿದ.

“ಏನಕ್ಕಾ, ಹೇಗಿದೆ ಕೊನೇ ಬೆಂಚು?”

“ಹಲ್ಲು ಕಿರಿದಿದ್ದು ಸಾಕು, ಪ್ರಶ್ನೆ ಕೇಳು.”

ಆ ಸಭೆಯ ಪದ್ಧತಿಯೇ ಹಾಗೆ. ಮೊದಲು ಬಂದವರು ಕೊನೆಗೆ ಬಂದವರನ್ನು ಒಂದು ಪ್ರಶ್ನೆ ಕೇಳಬೇಕು. ಉತ್ತರ ಪ್ರಶ್ನೆ ಕೇಳಿದವರಿಗೆ ಒಪ್ಪಿಗೆಯಾಗದಿದ್ದರೆ ಕೊನೆಯವರ ಅನುದಾನಕ್ಕೆ ಕತ್ತರಿ. ಕತ್ತರಿಸಿದ್ದು ಮೊದಲಿನವರಿಗೆ ಬಹುಮಾನ. ಪುಟ್ಟನ ಮಂತ್ರಿಗಳು ಆ ದುಡ್ಡಿಗಾಗಿ ಬೆಳಗ್ಗೆಯಿಂದ ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಇತ್ತ ಅನುದಾನ ಕೈತಪ್ಪಿದರೆ ಅಕ್ಕನ ಕಡೆಯ ಅರ್ಧ ಆಸ್ಪತ್ರೆಗಳಿಗೆ ಬೀಗ ಬೀಳುತ್ತಿತ್ತು.

ಅವನು ಕೋಟು ಸರಿಮಾಡಿಕೊಂಡು ಎದ್ದ. “ಮಾನ್ಯ ಕಾರ್ಯದರ್ಶಿಗಳೇ, ಮಹಾಮಾರಿಯ ವರ್ಷ ನಾವು ಕೈ ಬಿಗಿ ಹಿಡಿದೆವು. ನೀವು ಸಿಕ್ಕಾಪಟ್ಟೆ ಸಾಲ ಎತ್ತಿದಿರಿ. ಆ ದುಡ್ಡೆಲ್ಲ ಎಲ್ಲಿ ಹೋಯಿತು?”

ಸಭೆ ಮೇಜು ಕುಟ್ಟಿತು. ಹಿಂದಿನ ಸಾಲಿನಲ್ಲಿ ಒಬ್ಬರ ಚಪ್ಪಾಳೆ ಮಾತ್ರ ನಿಲ್ಲಲೇ ಇಲ್ಲ.

ಅಕ್ಕ ಎದ್ದಳು. “ಆಸ್ಪತ್ರೆಗೆ ಹೋಯಿತು. ಹಾಸಿಗೆಗೆ, ಆಕ್ಸಿಜನ್‌ಗೆ. ಗಡಿಯಾಚೆಯಿಂದ ಬಂದವರನ್ನೂ ಸೇರಿಸಿಕೊಂಡೆವು.” ಆಮೇಲೆ ಸಭೆಯನ್ನೇ ಮರೆತವಳಂತೆ, “ನಿಮ್ಮಲ್ಲಿ ಒಂದೂ ಹಾಸಿಗೆ ಸಿಗ್ಲಿಲ್ಲ ಅಂತ ಅವತ್ತು ನೀನೂ ಉಸಿರಾಡೋಕಾಗದ ಒಬ್ಬರನ್ನ ಕಾರಲ್ಲಿ ಮಲಗಿಸ್ಕೊಂಡು ಓಡಿ ಬಂದೆಯಲ್ಲೋ ಪುಟ್ಟಾ? ಹಿಂದೆ ತಿರುಗಿ ನೋಡು” ಎಂದಳು.

“ಉತ್ತರ ಒಪ್ಪಿಗೆಯೇ?” ಅಧ್ಯಕ್ಷರು ಕೇಳಿದರು.

ಪುಟ್ಟ ತಿರುಗಿದ. ಕಿವಿ ಮಂದವಾದ ಅಪ್ಪನಿಗೆ ಇದೊಂದೂ ಕೇಳಿಸಿರಲಿಲ್ಲ. ಪರದೆಯ ಮೇಲಿನ ಪಟ್ಟಿಯಲ್ಲಿ ಮಗ ಮೊದಲು ಬಂದ ಖುಷಿಗೆ ಅವರು ಎದ್ದು ನಿಂತು, ಎರಡು ಬೆರಳು ಬಾಯಿಗಿಟ್ಟು, ಎದೆ ತುಂಬ ಉಸಿರೆಳೆದುಕೊಂಡು ಉದ್ದಕ್ಕೊಂದು ಶಿಳ್ಳೆ ಹೊಡೆದರು.