ಬೀರುವಿನೊಳಗಿನ ನಿಂಬೆಹಣ್ಣು

ಮೂರು ವಾರದಿಂದ ಬಸುರಿ ಸೊಸೆಗೆ ಒಂದೇ ಸಮನೆ ವಾಂತಿ. ಒಗ್ಗರಣೆಯ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದಳು. ಅತ್ತೆ ದಿನಾ ಬೆಳಿಗ್ಗೆ ಒಂದು ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಅವಳ ಕೈಗೆ ಕೊಡುತ್ತಿದ್ದರು.

"ಮೂಸ್ತಾ ಇರಮ್ಮ, ನಿಲ್ಲುತ್ತೆ."

ಇವತ್ತು ಎಂಟು ಗಂಟೆಯಾದರೂ ಬಚ್ಚಲಿನಿಂದ ಸದ್ದಿಲ್ಲ. ಅತ್ತೆ ಕೋಣೆಗೆ ಇಣುಕಿದರು.

"ವಾಂತಿ ಆಗ್ಲಿಲ್ವೇನೇ?"

"ಇಲ್ಲ ಅತ್ತೆ."

"ನೋಡಿದ್ಯಾ? ನಿಂಬೆಹಣ್ಣು ಅಂದ್ರೆ ಸುಮ್ನೇನಾ!"

ಸೊಸೆ ಎದ್ದು ಅಡುಗೆಮನೆಗೆ ಹೋದಳು. ಕಾದ ಎಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ, ಇಂಗು ಉದುರಿಸಿ, ಆ ಹೊಗೆಗೆ ಮುಖವೊಡ್ಡಿ ನಿಂತಳು.

"ಅಯ್ಯೋ, ಏನ್ ಮಾಡ್ತಿದ್ದೀಯ? ಮತ್ತೆ ಶುರುವಾದ್ರೆ?"

ಬೆಳ್ಳುಳ್ಳಿ ಸೀದು ಕಪ್ಪಾಯಿತು. ಹೊಟ್ಟೆ ತೊಳಸಲೇ ಇಲ್ಲ. ಅವಳು ಒಲೆ ಆರಿಸಿದಳು.

"ನಿಮ್ಮ ನಿಂಬೆಹಣ್ಣು ಒಂದನ್ನೂ ನಾನು ಮೂಸಿಲ್ಲ ಅತ್ತೆ. ಎಲ್ಲಾ ಬೀರುವಿನಲ್ಲಿ ಒಣಗ್ತಾ ಇವೆ."

"ಯಾಕೇ?"

"ವಾಂತಿ ನಿಲ್ಲಬಾರದು ಅಂತ."

"ಹುಚ್ಚಿ! ಯಾರಾದ್ರೂ ಹಂಗೆ ಅನ್ಕೋತಾರಾ?"

"ಹೋದ ಎರಡು ಸಲವೂ ಮೊದ್ಲು ವಾಂತಿ ನಿಂತಿತ್ತು, ಅತ್ತೆ. ಮಗುವಿನ ಎದೆಬಡಿತ ನಿಂತಿದ್ದು ಆಮೇಲೆ."