ಎಡಗೆನ್ನೆಯ ಬೆರಳುಗಳು

ಬ್ಯೂಟಿ ಪಾರ್ಲರಿನ ನೀಲಿ ಬೆಳಕು ಮೊಡವೆಗಳ ಜೊತೆಗೆ, ಕೆನ್ನೆಯನ್ನು ಮುಟ್ಟಿದವರ ಬೆರಳಗುರುತುಗಳನ್ನೂ ಮೊದಲು ಎಬ್ಬಿಸಿ ತೋರಿಸಿ, ಆಮೇಲೆ ಅಳಿಸಿಬಿಡುತ್ತದೆಂಬುದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮರುದಿನ ನಿಶ್ಚಿತಾರ್ಥವಿದ್ದುದರಿಂದ ಇಂದುಮತಿ ಒಪ್ಪಿಕೊಂಡೇ ದೀಪದ ಕೆಳಗೆ ಮಲಗಿದ್ದಳು.

"ಎಡಗಲ್ಲದ ಮ್ಯಾಲ ಐದೂ ಬೆರಳು ಮೂಡ್ಯಾವ್ರಿ, ಅಕ್ಕಾರ," ಎಂದಳು ದೀಪ ಹಿಡಿದಿದ್ದ ನಸೀಮಾ. "ನಡುಬೆರಳು ಮೋಟು ಐತಿ."

ಅದು ಅವ್ವನ ಕೈ. ಹಿಟ್ಟಿನ ಗಿರಣಿಗೆ ಸಿಕ್ಕು ತುಂಡಾದ ಬೆರಳು. ಅವ್ವ ತೀರಿಹೋಗಿ ನಾಲ್ಕು ವರ್ಷವಾಗಿತ್ತು.

"ಅದನ್ನ ಅಳಿಸಬ್ಯಾಡವಾ. ಹಳೇ ಗುರುತು," ಎಂದಳು ಇಂದುಮತಿ.

ನಸೀಮಾ ಬಗ್ಗಿ ನೋಡಿದಳು. "ಹಳೇವು ಮಸಕ ಕಾಣ್ತಾವ್ರಿ. ಇದು ಇವತ್ತ ಮುಂಜಾನಿದು."

ಮನೆಯಲ್ಲಿ ಇಂದುಮತಿ ಒಬ್ಬಳೇ ಇರುತ್ತಿದ್ದಳು. ಅವಳು ದೀಪ ಆರಿಸಲು ಹೇಳಿ, ಮೊಡವೆ ಮುಖದಲ್ಲೇ ಮನೆಗೆ ಓಡಿದಳು. ಬೀಗ ತೆಗೆದು, ಕತ್ತಲ ಒಳಮನೆಯತ್ತ ಮೆಲ್ಲಗೆ ಕರೆದಳು: "ಯವ್ವಾ?"